ಉಗುರುಬೆಚ್ಚಗಿನ ಹಾಲು

ಕಿವಿಗೆ ಹಿಡಿದ ಥರ್ಮಾಮೀಟರು ಕೀಂ ಎಂದಿತು. ಕಾರ್ಖಾನೆಯ ಗೇಟಿನ ಕಾವಲಿನ ಹೆಂಗಸು ಅದನ್ನು ಹತ್ತಿರ ಹಿಡಿದು ನೋಡಿದಳು, ಬದರಿನಾಥನ ಮುಖ ನೋಡಿದಳು, ಇನ್ನೊಂದು ಕಿವಿ ಕೊಡು ಎನ್ನುವಂತೆ ಬೆರಳಾಡಿಸಿದಳು. ಬಲಗಿವಿ ಹೇಳಿದ್ದನ್ನೇ ಎಡಗಿವಿಯೂ ಹೇಳಿತು. ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ ದಾಟಿದವರು ಒಳಗೆ ಹೋಗುವಂತಿಲ್ಲ, ಅವನದು ಮೂವತ್ತೆಂಟು. ಹಿಂದೆ ಸಾಲಿನಲ್ಲಿದ್ದ ಉಗ್ರಾಣದವನು, ತಿಂಗಳ ಹಿಂದೆ ಹೆಗಲ ಮೇಲೆ ಕೈಹಾಕಿ ಕಾಫಿಗೆ ಕರೆಯುತ್ತಿದ್ದವನು, ಎರಡು ಹೆಜ್ಜೆ ಹಿಂದೆ ಸರಿದು ಸಿಂಗಾಪುರದ ಟುವಾಸ್‌ನ ಆಕಾಶವನ್ನು ನೋಡತೊಡಗಿದ. ಟೆಂಟಿನ ಮೂಲೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಒಂಟಿಯಾಗಿತ್ತು. ಜ್ವರ ಕಂಡವರನ್ನು ಉಳಿದವರಿಂದ ದೂರ, ಬೇರೆ ಕುರ್ಚಿಯಲ್ಲಿ ಕೂರಿಸತಕ್ಕದ್ದು ಎಂದು ಬರೆದಿದ್ದವನು ಸ್ವತಃ ಬದರಿನಾಥ. ಬರೆಯುವಾಗ ಅದರಲ್ಲಿ ಒಬ್ಬ ಮನುಷ್ಯ ಕೂರುತ್ತಾನೆ ಎಂದು ಅವನಿಗೆ ಹೊಳೆದಿರಲಿಲ್ಲ. ಪರೀಕ್ಷೆಯಲ್ಲಿ ಬಿದ್ದ ಬಿಡಿಭಾಗಗಳಿಗೆ ಕೆಂಪು ಡಬ್ಬ ಇಡುತ್ತಾರಲ್ಲ, ಹಾಗೊಂದು ಸಾಮಾನು ಎಂದುಕೊಂಡಿದ್ದ. ಹೋಗಿ ಕುಳಿತ. ಅದರ ಒಂದು ಕಾಲು ಕುಂಟುತ್ತಿತ್ತು. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಅವನ ಕಾರ್ಖಾನೆ ಮಾಡುವುದು ಹೆಬ್ಬೆರಳಿನಷ್ಟು ದಪ್ಪದ ವಾಲ್ವ್. ಆಸ್ಪತ್ರೆಯಲ್ಲಿ ಉಸಿರಾಡಲಾಗದವರಿಗೆ ಹಚ್ಚುವ ಯಂತ್ರದೊಳಗೆ ಅದು ಗಾಳಿಯನ್ನು ಬಿಡುತ್ತದೆ, ತಡೆಯುತ್ತದೆ. ಸಾರ್ಸ್ ಎಂಬ ಅಂಟುಜ್ವರ ಬಂದದ್ದೇ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು, ಆದರೆ ವಾಲ್ವ್ ಬೇಕೆನ್ನುವವರು ಎಲ್ಲ ಕಡೆಯಿಂದಲೂ ಎದ್ದರು. ಅದರೊಳಗಿನ ರಬ್ಬರ್ ಬಳೆ ಬರಬೇಕಾದದ್ದು ಚೀನಾದ ಗ್ವಾಂಗ್‌ಡಾಂಗ್‌ನಿಂದ, ಕಾಯಿಲೆ ಹುಟ್ಟಿದ ಸೀಮೆಯಿಂದಲೇ. ಮೊದಲು ಬಳೆ ತಡವಾಯಿತು, ಆಮೇಲೆ ಅಲ್ಲಿನವರು ಫೋನೆತ್ತುವುದೇ ನಿಂತಿತು. ಆಗ ಬದರಿನಾಥ ಎಂದೋ ಹಟ ಹಿಡಿದು ಮಲೇಷ್ಯಾದ ಪಿನಾಂಗ್‌ನಲ್ಲಿ ಗೊತ್ತುಮಾಡಿಟ್ಟಿದ್ದ ಇನ್ನೊಬ್ಬ ಬಳೆಯವನು ಎಲ್ಲರ ಮಾನ ಉಳಿಸಿದ. ಯಾವ ಸಾಮಾನಿಗೂ ಒಂದೇ ಮೂಲವನ್ನು ನಂಬಬಾರದು, ಎರಡನೆಯದೊಂದು ಇರಲೇಬೇಕು ಎನ್ನುವುದು ಅವನಿಗೆ ಸಂಧ್ಯಾವಂದನೆಯ ಹಾಗೆ. ಸಂಧ್ಯಾವಂದನೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಇದನ್ನು ಬಿಟ್ಟಿರಲಿಲ್ಲ. ಅದೇ ಉತ್ಸಾಹದಲ್ಲಿ ಮನುಷ್ಯರನ್ನೂ ಎರಡು ಮಾಡಿದ. ಟೀಮ್ ಎ ಬೆಳಗ್ಗೆ ಬರುವುದು, ಅವರು ಹೋಗಿ, ನೆಲ ಮೇಜು ಎಲ್ಲ ಒರೆಸಿದ ಮೇಲೆ ಸಂಜೆಗೆ ಟೀಮ್ ಬಿ ಬರುವುದು. ಇವರ ಮುಖ ಅವರು ನೋಡಬಾರದು, ಕಾರ್ಖಾನೆಯ ಹೊರಗೂ ಕೂಡ. ಒಂದು ಟೀಮು ಮಲಗಿದರೆ ಇನ್ನೊಂದು ನಿಂತಿರಬೇಕು. ಪ್ರತಿ ವಿಭಾಗದಲ್ಲೂ ಕೈ ಪಳಗಿದ ಒಬ್ಬರು ಇಲ್ಲಿ, ಒಬ್ಬರು ಅಲ್ಲಿ. ಪ್ಲಾನಿಂಗ್‌ನಿಂದ ತಾನು ಎ. ಸಿದ್ಧವಾದ ಮಾಲನ್ನು ಪರೀಕ್ಷಿಸಿ ಹೊರಗೆ ಬಿಡುವ ಕ್ವಾಲಿಟಿಯಿಂದ ಮೈತ್ರೇಯಿ, ಬಿ. ಮೈತ್ರೇಯಿ ಅವನ ಹೆಂಡತಿ.

ಅದನ್ನು ಕಂಡುಹಿಡಿದವರು ಮೇಲಧಿಕಾರಿ ಮಿಸೆಸ್ ಕೋ. ಮೀಟಿಂಗಿನಲ್ಲಿ ಎಲ್ಲರೂ ಮಾಸ್ಕಿನೊಳಗೆ ತಲೆಯಾಡಿಸುತ್ತಿದ್ದಾಗ ಆಕೆ ಕನ್ನಡಕ ಏರಿಸಿ, ಮಿಸ್ಟರ್ ಬದರಿ, ನೀವಿಬ್ಬರೂ ಒಂದೇ ಮನೆ ಅಲ್ಲವೋ, ರಾತ್ರಿ ಮುಖ ನೋಡದೆ ಹೇಗೆ ಎಂದು ಕೇಳಿದರು. ಮಾಸ್ಕುಗಳೆಲ್ಲ ಒಟ್ಟಿಗೆ ಉಬ್ಬಿದವು. ಬದರಿನಾಥನ ಕಿವಿ ಕೆಂಪಾಯಿತು. ಇಷ್ಟು ದೊಡ್ಡ ತೂತನ್ನು ಇಟ್ಟುಕೊಂಡು ಪ್ಲ್ಯಾನು ಹೊಸೆದಿದ್ದನಲ್ಲ. ಒಬ್ಬರನ್ನು ಆಚೆ ಈಚೆ ಮಾಡಿದರೆ ಆಯಿತು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಮೈತ್ರೇಯಿಯೇ, ಬದಲಾಯಿಸುವುದು ಬೇಡ, ಜೊಹೋರ್‌ನ ಹುಡುಗಿಯರಿಗೆ ಕಂಪನಿ ವುಡ್‌ಲ್ಯಾಂಡ್ಸ್‌ನಲ್ಲಿ ಹಿಡಿದಿರುವ ಫ್ಲ್ಯಾಟಿನಲ್ಲಿ ನಾನೂ ಇರುತ್ತೇನೆ ಎಂದುಬಿಟ್ಟಳು. ಮಲೇಷ್ಯಾದ ಜೊಹೋರ್‌ಗೆ ಹೋಗುವ ಸೇತುವೆ ಯಾವಾಗ ಮುಚ್ಚುತ್ತದೋ ಎಂಬ ಹೆದರಿಕೆಯಿಂದ ಗಡಿಯಾಚೆಯಿಂದ ಬಂದುಹೋಗುವವರನ್ನೆಲ್ಲ ಕಂಪನಿ ಈಚೆಯೇ ಇರಿಸಿಕೊಂಡಿತ್ತು. ಮಿಸೆಸ್ ಕೋಗೆ ಸಂತೋಷವಾಯಿತು. ಮುಂದಿನ ವಿಷಯಕ್ಕೆ ಹೋದರು. ಬದರಿನಾಥ ಮಾತ್ರ ಅಲ್ಲಿಂದ ಮುಂದೆ ಹೋಗಲಿಲ್ಲ. ಇವತ್ತು ಈ ಕುಂಟು ಕುರ್ಚಿಯ ಮೇಲೂ ಅವನು ಅದೇ ಮೀಟಿಂಗಿನಲ್ಲಿ ಕುಳಿತಿದ್ದ. ಅಷ್ಟು ಬೇಗ ಹೇಗೆ ಹೇಳಿದಳು? ಯೋಚಿಸುವವರು ಒಂದು ಗಳಿಗೆ ಸುಮ್ಮನಿರುತ್ತಾರೆ. ಬಸ್ಸಿಗೆ ಕಾದು ನಿಂತವರು ಬಸ್ಸು ಕಂಡೊಡನೆ ಕೈಯೆತ್ತುತ್ತಾರಲ್ಲ, ಹಾಗಿತ್ತು ಅವಳು ಹೇಳಿದ ರೀತಿ. ಅವತ್ತು ಸಂಜೆ ಬಟ್ಟೆ ತುಂಬಿಕೊಳ್ಳುವಾಗ ಏನೋ ಗುನುಗಿಕೊಳ್ಳುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷ, ಇದ್ದವರು ಇಬ್ಬರೇ. ಅವಳು ಗುನುಗಿದ್ದನ್ನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ನೆನಪಾಗಲಿಲ್ಲ.

ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ, ಶ್ವಾಸಕೋಶ ಸ್ವಚ್ಛವಾಗಿದೆ, ಮಾಮೂಲಿ ಜ್ವರದ ಹಾಗೇ ಕಾಣುತ್ತದೆ, ಆದರೂ ಇಳಿಯುವ ತನಕ ಯಾರ ಹತ್ತಿರವೂ ಹೋಗಕೂಡದು ಎಂದರು. ಹೇಳುವಾಗ ಅವರೂ ಕಿಟಕಿಯ ಕಡೆಗೇ ಇದ್ದರು. ಕಂಪನಿಯ ವ್ಯಾನು ಎಲ್ಲ ಕಿಟಕಿಗಳನ್ನೂ ತೆರೆದುಕೊಂಡು ಅವನನ್ನು ಜುರಾಂಗ್ ವೆಸ್ಟ್‌ನ ಮನೆಗೆ ತಲುಪಿಸಿತು. ದಾರಿಯಲ್ಲಿ ಮಿಸೆಸ್ ಕೋ ಫೋನು ಮಾಡಿದರು. ಇವನ ದೆಸೆಯಿಂದ ಟೀಮ್ ಎ ಪೂರ್ತಿ ಮನೆಗೆ ಹೋಗಿದೆಯಂತೆ. ಬಿ ಒಂದೇ ಎರಡರ ಕೆಲಸ ಎಳೆಯುತ್ತದಂತೆ. ಯುವರ್ ಪ್ಲ್ಯಾನ್ ವರ್ಕಿಂಗ್ ಲಾ, ಎಂದು ಆಕೆ ಸಿಂಗಾಪುರದ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಪಾಪ, ನಿಜವಾದ ಪ್ರೀತಿಯಿಂದಲೇ ಹೇಳಿದರು. ಅವನಿಗೆ ಅದು ಕಪಾಳಕ್ಕೆ ಬಿದ್ದ ಹಾಗಾಯಿತು. ಪ್ಲ್ಯಾನು ಗೆದ್ದದ್ದು ಅವನಿಲ್ಲದೆಯೂ ನಡೆಯುತ್ತದೆ ಎಂಬುದರಿಂದ. ಮೈತ್ರೇಯಿಯೂ ಅಲ್ಲಿ ಅವನಿಲ್ಲದೆ ನಡೆಸುತ್ತಿದ್ದಾಳೆ. ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಪಕ್ಕದ ಮನೆಯ ಚೀನೀ ಆಂಟಿ ಗಿಡಕ್ಕೆ ನೀರು ಹಾಕುತ್ತಿದ್ದವಳು ಇವನು ಬೆಳಗಿನಲ್ಲೇ ವಾಪಸು ಬಂದದ್ದನ್ನು ಕಂಡು ಅರ್ಥಮಾಡಿಕೊಂಡು ಒಳಗೆ ಹೋದಳು. ಅಗುಳಿ ಹಾಕಿದ ಸದ್ದು ಮೆಲ್ಲಗೆ ಬರಲೆಂದು ಆಕೆ ಪಟ್ಟ ಕಷ್ಟವೂ ಅವನಿಗೆ ಕೇಳಿಸಿತು.

ಮೈ ಬಿಸಿಯಾದಾಗ ಅವನಿಗೆ ಬೇಕಾಗುವುದು ಒಂದೇ, ಮೆತ್ತಗೆ ಕಿವುಚಿದ ಮೊಸರನ್ನ. ಫ್ರಿಜ್ಜು ತೆರೆದ. ಮೊಸರಿನ ಸ್ಟೀಲು ಡಬ್ಬಿ ಖಾಲಿಯಾಗಿ, ತೊಳೆದದ್ದು, ಅವನು ಇಟ್ಟಲ್ಲೇ ಇತ್ತು. ತನ್ನ ನಾಚಿಕೆಗೇಡನ್ನು ಇದ್ದ ಜಾಗದಲ್ಲೇ ಇಟ್ಟುಕೊಂಡಿದ್ದ. ಆ ಮೊಸರು ಮೈತ್ರೇಯಿಯ ತವರಿನದು. ಮೈಸೂರಿನ ಚಾಮರಾಜಪುರದಿಂದ ಹೊರಡುವಾಗ ಅವಳ ಅಮ್ಮ ಬಿಳಿ ಕರವಸ್ತ್ರಕ್ಕೆ ಗಟ್ಟಿ ಮೊಸರು ಸವರಿ, ನೆರಳಿನಲ್ಲಿ ಒಣಗಿಸಿ, ಮಡಿಸಿ ಕೊಟ್ಟಿದ್ದರು. ಸಿಂಗಾಪುರಕ್ಕೆ ಬಂದ ದಿನವೇ ಅದರ ಒಂದು ಚೂರನ್ನು ಹಾಲಿಗೆ ಬಿಟ್ಟು ಹೆಪ್ಪು ಹಾಕಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಇವತ್ತಿನ ಮೊಸರಿನಿಂದ ಒಂದು ಚಮಚ ನಾಳೆಗೆ, ನಾಳೆಯದರಿಂದ ನಾಡಿದ್ದಿಗೆ, ತಪ್ಪಿದ್ದೇ ಇಲ್ಲ. ಊರಿಗೆ ಹೋಗುವಾಗ ಗೆಳೆಯ ಯೋಗೇಶನ ಮನೆಯಲ್ಲಿ ಕೊಟ್ಟು, ಬಂದೊಡನೆ ವಾಪಸು ತರುತ್ತಿದ್ದಳು. ವುಡ್‌ಲ್ಯಾಂಡ್ಸ್‌ಗೆ ಹೊರಟಾಗ ಬಾಗಿಲಲ್ಲಿ ನಿಂತು ಅವಳು ಹೇಳಿದ ಕೊನೆಯ ಮಾತು ಒಂದು ಚಮಚ ಉಳಿಸಿಕೊಳ್ಳಿ ಎಂಬುದು. ಮೂರನೆಯ ದಿನ ಟೀವಿಯಲ್ಲಿ ಆಸ್ಪತ್ರೆಯ ಸುದ್ದಿ ನೋಡುತ್ತ, ಪಿನಾಂಗ್‌ನ ಬಳೆ ಲಾರಿಗೆ ಏರಿತೋ ಇಲ್ಲವೋ ಎಂದು ಯೋಚಿಸುತ್ತ, ಡಬ್ಬಿಯನ್ನೇ ತಟ್ಟೆಗೆ ಬಗ್ಗಿಸಿ, ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿದ ಮೇಲೆ ಗೊತ್ತಾಯಿತು. ರಬ್ಬರ್ ಬಳೆಗೆ, ತಿರುಪಿಗೆ, ರಟ್ಟಿನ ಪೆಟ್ಟಿಗೆಗೆ, ಪೆಟ್ಟಿಗೆಯ ಅಂಟಿಗೆ ಎರಡೆರಡು ಮೂಲ ಹುಡುಕಿಟ್ಟ ಮಹಾಶಯನ ಮನೆಯಲ್ಲಿ ಹೆಪ್ಪಿಗೆ ಎರಡನೆಯ ಮೂಲವಿರಲಿಲ್ಲ.

ಆಮೇಲೆ ಕಳ್ಳನ ಹಾಗೆ ಪ್ರಯತ್ನ ಮಾಡಿದ. ಅವನ ಅಜ್ಜಿ ಹೆಪ್ಪು ತೀರಿದಾಗ ಒಣಮೆಣಸಿನಕಾಯಿಯ ತೊಟ್ಟು ಹಾಕುತ್ತಿದ್ದದ್ದು ನೆನಪಾಗಿ ಹಾಕಿದ. ಬೆಳಗ್ಗೆ ಹಾಲು ಹಾಲಾಗಿಯೇ ಇತ್ತು, ತೊಟ್ಟು ತೇಲುತ್ತಿತ್ತು. ಭಾನುವಾರ ಲಿಟಲ್ ಇಂಡಿಯಾಕ್ಕೆ ಹೋದ. ಬೇರೆ ಭಾನುವಾರಗಳಲ್ಲಿ ಜನಜಂಗುಳಿ ತುಳಿದಾಡುವ ಅಲ್ಲಿನ ಸೆರಂಗೂನ್ ರಸ್ತೆ ಮಧ್ಯಾಹ್ನದ ನಿದ್ದೆ ತೆಗೆಯುವಂತೆ ಮಲಗಿತ್ತು, ಹೂ ಕಟ್ಟುವವಳು ಮಾಸ್ಕು ಹಾಕಿಕೊಂಡು ಯಾರಿಗೂ ಬೇಡದ ಮಲ್ಲಿಗೆಗೆ ನೀರು ಚಿಮುಕಿಸುತ್ತಿದ್ದಳು. ಅಲ್ಲಿ ತಂದ ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕಿದ್ದು ಲೋಳೆಯಾಗಿ ಎಳೆ ಎಳೆ ಬಂತು. ಕೊನೆಗೆ ಯೋಗೇಶನ ಮನೆಗೆ ಹೋದ. ಯೋಗೇಶನ ಹೆಂಡತಿ, ಇಂದು ಎಂದು ಅವಳ ಹೆಸರು, ಮರದ ಬಾಗಿಲು ತೆರೆದಳು, ಕಬ್ಬಿಣದ ಗ್ರಿಲ್ಲು ತೆರೆಯಲಿಲ್ಲ. ಚೆನ್ನಾಗಿದ್ದೀರಾ ಎಂದಳು. ಒಳಗೆ ಬನ್ನಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು, ಅಭ್ಯಾಸದ ಬಲದಿಂದ ಅರ್ಧ ಹೊರಗೂ ಬಂದು, ಅಲ್ಲೇ ನಿಂತಿತು. ನೂರಾರು ಜನ ಸೇರುವ ಕಾರ್ಖಾನೆಯಿಂದ ಬರುವವನು. ಅವಳ ತಪ್ಪೇನೂ ಇಲ್ಲ. ಅವನು ಸರಳುಗಳ ನಡುವಿನಿಂದ ಹವಾ ಸೆಕೆ ಅಲ್ಲವೇ ಎಂದ. ಯೋಗೇಶನ ಆಫೀಸು ಹೇಗೆ ಎಂದ. ಹೆಪ್ಪು ಕೇಳಲು ಬಾಯಿ ಬರಲಿಲ್ಲ. ಹೆಂಡತಿ ಬಿಟ್ಟುಹೋದ ಮನೆಯವನು ಚಮಚ ಮೊಸರಿಗೆ ಕೈಯೊಡ್ಡಿದ ಎಂದು ಯಾರೂ ಅನ್ನುತ್ತಿರಲಿಲ್ಲ, ಅವನೇ ಅಂದುಕೊಂಡ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದ.

ಮಾತ್ರೆ ನುಂಗಿ ಮಲಗಿದ. ಜ್ವರದಲ್ಲಿ ಗೋಡೆ ಹತ್ತಿರ ಬಂದಂತೆಯೂ ದೂರ ಹೋದಂತೆಯೂ ಆಗುತ್ತಿತ್ತು, ಹಾಗೆಯೇ ಆ ಹಳೆಯ ಸಂಶಯವೂ. ಮೈತ್ರೇಯಿ ಏಕೆ ಅಷ್ಟು ಬೇಗ ಹೇಳಿದಳು ಎನ್ನುವುದು ಒಂದು. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಅವನು ಹಗಲಿನಲ್ಲಿ ನೋಡುತ್ತಿರಲಿಲ್ಲ. ಅವಳ ಹೆಸರನ್ನು ಬಿ ಸಾಲಿಗೆ ಎಳೆದ ಬೆರಳು ಅವನದೇ. ಆ ಬೆರಳಿಗೆ ನಿಜವಾಗಿ ಗೊತ್ತಿರಲಿಲ್ಲವೇ? ಆ ಪಟ್ಟಿ ಮಾಡಿದ್ದರ ಹಿಂದಿನ ಸಂಜೆ ಊಟಕ್ಕೆ ಕುಳಿತಾಗ ಅವಳು, ನೀವು ಅನ್ನ ಕಲಸುವಾಗಲೂ ಸ್ಟಾಕ್ ಎಣಿಸುತ್ತೀರಿ, ನಾನು ಎದುರಿಗೆ ಕೂತಿರುವುದು ಎಣಿಕೆಗೆ ಬರುತ್ತದೋ ಇಲ್ಲವೋ ಎಂದಿದ್ದಳು. ಜಗಳವೇನಲ್ಲ. ನಗುತ್ತಲೇ ಹೇಳಿದ್ದಳು. ಅವನು ತಟ್ಟೆ ಎತ್ತಿಕೊಂಡು ಏಳುವಾಗ ಮಾತ್ರ ನಾಲ್ಕು ದಿನ ಯಾರೂ ಇಲ್ಲದಿದ್ದರೆ ಎಷ್ಟು ಆರಾಮ ಎಂದುಕೊಂಡಿದ್ದ. ಅಂಥ ಯೋಚನೆ ಯಾವ ಗಂಡನಿಗೆ ಬರುವುದಿಲ್ಲ, ಬಂದು ಹೋಗುವುದಿಲ್ಲ? ಅವನದು ಹೋಗುವ ಮುನ್ನ ಕಂಪ್ಯೂಟರಿನ ಮುಂದೆ ಕುಳಿತಿತ್ತೇನೋ. ಹಾಗಿದ್ದರೆ ಅವಳು ಖುಷಿಯಾಗಿ ಹೋದಳೋ ಇಲ್ಲವೋ ಎಂದು ಕೇಳುವ ಹಕ್ಕು ತನಗಿಲ್ಲ. ಇಲ್ಲದಿದ್ದರೂ ಕೇಳಬೇಕೆನಿಸುತ್ತಿತ್ತು. ಮನೆ ಎನ್ನುವುದು ಅವಳ ಪಾಲಿಗೆ ಬಿಟ್ಟುಹೋಗಲು ಕಾದಿದ್ದ ಜಾಗವಾಗಿದ್ದರೆ, ಈ ಕಾಯಿಲೆ ಮುಗಿದು ಅವಳು ವಾಪಸು ಬಂದರೂ ಬಂದದ್ದು ಬರಿಯ ಸೂಟ್‌ಕೇಸು.

ಮಧ್ಯಾಹ್ನ ಮೊಬೈಲು ಬಡಿದುಕೊಂಡಿತು. ಮೈತ್ರೇಯಿ. ಜ್ವರದ ಸುದ್ದಿ ಮಿಸೆಸ್ ಕೋ ಕೊಟ್ಟಿದ್ದರು. ಏನು ತಿಂದಿರಿ ಎಂದಳು. ಬ್ರೆಡ್ಡು ಎಂದ. ಮೊಸರನ್ನ ಏಕಿಲ್ಲ ಎಂದಳು. ಮನಸ್ಸಿಲ್ಲ ಎಂದ.

"ಇಂದು ಫೋನ್ ಮಾಡಿದ್ಲು. ನಿಮ್ಮೋರು ಬಂದು ಗ್ರಿಲ್ ಹಿಡ್ಕೊಂಡು ನಿಂತು ಸೆಕೆ ಅಂದ್ರು, ಹೋಗ್ಬಿಟ್ರು, ಏನಾಗಿದೆ ಅಂತ ಕೇಳಿದ್ಲು. ಹೆಪ್ಪು ತಿಂದು ಮುಗಿಸಿದೀರಿ ಅಲ್ವಾ?"

ಅವನು ಹೂಂ ಎಂದ. ಮಾನ ಹೋಗಬೇಕಿತ್ತು. ಅದರ ಬದಲು ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಶಿಫ್ಟಿಗೆ ಮುಂಚೆ ಬಂದು ಕೊಟ್ಟು ಹೋಗುತ್ತೇನೆ ಎಂದಳು. ಬರಕೂಡದು, ಎ ಮತ್ತು ಬಿ ಹೊರಗೂ ಸೇರಬಾರದು, ಅದರಲ್ಲೂ ತನಗೆ ಜ್ವರ, ನೀನೂ ಮಲಗಿದರೆ ಮಾಲು ಬಿಡುವವರು ಯಾರು ಎಂದು ಅವನು ತಾನೇ ಬರೆದ ನಿಯಮವನ್ನು ಅವಳಿಗೆ ಓದಿ ಹೇಳಿದ. ಮನೆಯೊಳಗೆ ಬರುತ್ತೇನೆಂದು ಯಾರು ಹೇಳಿದರು, ಕೆಳಗೆ ನಿಲ್ಲುತ್ತೇನೆ, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಾತ್‌ರೂಮಿನ ಬಾಗಿಲ ಹಿಂದಿದೆ, ಬಕೆಟ್ಟಿಗೆ ಕಟ್ಟಿಡಿ ಎಂದು ಇಟ್ಟುಬಿಟ್ಟಳು.

ಕಾರಿಡಾರಿನ ಮೋಟುಗೋಡೆಗೆ ಎದೆಯಾನಿಸಿ ಕೆಳಗೆ ನೋಡಿದ. ವಾಯ್ಡ್ ಡೆಕ್ಕು ಎನ್ನುವ, ಕಟ್ಟಡದಡಿಯ ತೆರೆದ ಜಾಗದ ಕಂಬದ ಪಕ್ಕ, ಹುಲ್ಲಿನ ಮೇಲೆ, ಅವಳು ನಿಂತಿದ್ದಳು. ಅವಳನ್ನು ಇಷ್ಟು ಮೇಲಿನಿಂದ ಅವನು ಎಂದೂ ನೋಡಿರಲಿಲ್ಲ. ಬೈತಲೆ ಕಂಡಿತು, ಅದರ ಎರಡೂ ಕಡೆ ಬೆಳ್ಳಗಾಗಿರುವುದು ಕಂಡಿತು. ಒಂದೇ ದಿಂಬಿನ ಎತ್ತರದಿಂದ ಹದಿನಾಲ್ಕು ವರ್ಷ ನೋಡಿ ಇದು ಕಂಡಿರಲಿಲ್ಲ. ಅವಳು ಮುಖವೆತ್ತಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು. ಕೂಗಿದರೆ ಇಡೀ ಬ್ಲಾಕಿಗೆ ಕೇಳುತ್ತದೆಂದು ಒಬ್ಬರನ್ನೊಬ್ಬರು ನೋಡುತ್ತಲೇ ಇಬ್ಬರೂ ಮೊಬೈಲು ಕಿವಿಗಿಟ್ಟುಕೊಂಡರು. ಬಕೆಟ್ಟು ಗೋಡೆಗೆ ತಾಗುತ್ತ ಸದ್ದು ಮಾಡುತ್ತ ಇಳಿಯಿತು. ಎರಡನೆಯ ಮಹಡಿಯ ತಾತ ಕಿಟಕಿಯಿಂದ ಅದನ್ನು ಕಣ್ಣಲ್ಲೇ ಕೆಳಗಿನವರೆಗೂ ಬಿಟ್ಟುಬಂದ. ಮೈಸೂರಿನಲ್ಲಿ ಮಹಡಿ ಮನೆಯ ಬಾಡಿಗೆಯವರು ಹೀಗೆಯೇ ಬುಟ್ಟಿ ಇಳಿಸಿ ಸೊಪ್ಪು ತೆಗೆದುಕೊಳ್ಳುತ್ತಿದ್ದರು ಎಂದಳು. ಬಕೆಟ್ಟನ್ನು ಕೈಯಿಂದ ಮುಟ್ಟದೆ, ಒಂದು ಪುಟ್ಟ ಡಬ್ಬಿಯನ್ನೂ ಹಾಲಿನ ಪ್ಯಾಕೆಟ್ಟನ್ನೂ ಮೇಲಿನಿಂದ ಮೆಲ್ಲಗೆ ಒಳಗೆ ಬಿಟ್ಟಳು. ಅದೂ ಅವನದೇ ನಿಯಮ. ಸಾಮಾನು ಒಂದೇ ದಿಕ್ಕಿಗೆ ಹೋಗಬೇಕು, ವಾಪಸು ಬರಬಾರದು.

ಅವನು ಹಗ್ಗ ಎಳೆಯಲಿಲ್ಲ.

"ಅವತ್ತು ಮೀಟಿಂಗಲ್ಲಿ ನಾನು ಬಾಯಿ ಬಿಡೋಕೆ ಮುಂಚೆನೇ ಹೇಳ್ಬಿಟ್ಟೆ," ಎಂದ. "ಖುಷಿಯಾಗೇ ಹೋದೆ, ಅಲ್ವಾ?"

ಅವಳು ಮುಖ ತಗ್ಗಿಸಲಿಲ್ಲ. "ಹೂಂ. ಖುಷಿಯಾಗೇ ಹೋದೆ."

ಬಕೆಟ್ಟು ಹುಲ್ಲಿನ ಮೇಲೆ ವಾಲಿಕೊಂಡು ಕೂತಿತ್ತು. ಗಲಾಟೆಯಿಲ್ಲದ ಊರಿನಲ್ಲಿ ಒಂದು ಬಸ್ಸು ನಿಂತು, ಯಾರನ್ನೂ ಹತ್ತಿಸಿಕೊಳ್ಳದೆ ಹೊರಟಿತು.

"ಎಷ್ಟು ವರ್ಷ ಆಗಿತ್ತು ಗೊತ್ತಾ ರೀ, ನಾಲ್ಕು ಜನ ಹೆಂಗಸ್ರು ನೆಲದ ಮೇಲೆ ಕೂತು ಕೆಲಸಕ್ಕೆ ಬಾರದ ಮಾತಿಗೆಲ್ಲ ನಕ್ಕು. ಅದು ನಿಮ್ಮನ್ನ ಬಿಟ್ಟು ಹೋಗೋ ಖುಷಿ ಅಲ್ಲ. ವಾಪಸ್ ಬರೋಕೆ ಮನೆ ಇದೆ ಅಂತ ಗೊತ್ತಿರೋರ ಖುಷಿ. ಇಲ್ದೇ ಇದ್ರೆ ಹೋಗುವಾಗ ಡಬ್ಬಿಲಿ ಹೆಪ್ಪು ಯಾಕೆ ತಗೊಂಡು ಹೋಗ್ಲಿ? ಆ ಹುಡುಗೀರು ಯಾರೂ ಮೊಸರು ಮುಟ್ಟಲ್ಲ. ನೀವು ಮುಗಿಸ್ತೀರಿ ಅಂತ ಗೊತ್ತಿತ್ತು, ಅದಕ್ಕೆ ದಿನಾ ಅಲ್ಲೂ ಹಾಕ್ತಾ ಇದ್ದೆ." ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನೀವು ನನ್ನ ಬಿ ಟೀಮ್‌ಗೆ ಮರೆತು ಹಾಕಿದ್ರೋ, ಬೇಕು ಅಂತ್ಲೇ ಹಾಕಿದ್ರೋ, ನಾನು ಕೇಳಿದ್ನಾ?"

ಅವಳಿಗೂ ಅದು ಹೊಳೆದಿತ್ತು. ಇಷ್ಟು ದಿನ ಅವಳೂ ಅದನ್ನು ಇಟ್ಟುಕೊಂಡೇ ಆ ನಗುವವರ ನಡುವೆ ಮಲಗಿದ್ದಳು. ಬದರಿನಾಥನಿಗೆ ಅವಳ ಮೇಲೆ ಉಕ್ಕಿಬಂದ ಪ್ರೀತಿಗೆ ಮೂರು ಮಹಡಿ ತೀರ ಹೆಚ್ಚಾಯಿತು. ಹಗ್ಗ ಸಾಲದೆ ತಾನೇ ಇಳಿದುಬಿಡಬೇಕೆನಿಸಿತು.

"ಕೇಳು," ಎಂದ.

"ಈಗ ಬೇಡ. ಜ್ವರ ಇಳೀಲಿ. ಎಳ್ಕೊಳ್ಳಿ, ನಂಗೆ ಬಸ್ಸಿದೆ."

ಎಳೆದುಕೊಂಡ. ಪಕ್ಕದ ಮನೆಯ ಆಂಟಿಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಮಾಸ್ಕಿನ ಮೇಲೆ ಎರಡು ಕಣ್ಣು ಬಕೆಟ್ಟನ್ನು ನೋಡಿ, ಅವನನ್ನು ನೋಡಿ, ಸಣ್ಣಗೆ ನಕ್ಕವು. ಕೆಳಗೆ ಮೈತ್ರೇಯಿ ಹೋಗುತ್ತಲೇ ಫೋನಿನಲ್ಲಿ ಪಾಠ ಹೇಳುತ್ತಿದ್ದಳು. ಹಾಲು ಚೆನ್ನಾಗಿ ಕಾಯಬೇಕು, ಆಮೇಲೆ ಉಗುರುಬೆಚ್ಚಗೆ ಆಗುವ ತನಕ ಕಾಯಬೇಕು. ಬಿಸಿಯಲ್ಲಿ ಹಾಕಿದರೆ ಹೆಪ್ಪು ಸತ್ತುಹೋಗುತ್ತದೆ, ಆರಿದ ಮೇಲೆ ಹಾಕಿದರೆ ಏಳುವುದಿಲ್ಲ. ಬೆರಳದ್ದಿ ನೋಡಿ. ಇದರಲ್ಲೂ ಅರ್ಧ ಮಾತ್ರ ಹಾಕಿ, ಅರ್ಧ ಇಟ್ಟುಕೊಳ್ಳಿ ಎಂದಳು, ಪ್ಲ್ಯಾನರಿಗೇ ಪ್ಲ್ಯಾನು ಹೇಳಿಕೊಡುವ ದನಿಯಲ್ಲಿ.

ಹಾಲು ಕಾಯಿತು, ಉಕ್ಕಿತು, ಇಳಿಸಿದ. ಒಂದಿಷ್ಟು ಹೊತ್ತು ಬಿಟ್ಟು ಕಿರುಬೆರಳನ್ನದ್ದಿದ. ಉಗುರುಬೆಚ್ಚಗಿದೆ ಅನ್ನಿಸಿತು. ಚಮಚವನ್ನು ಡಬ್ಬಿಗಿಟ್ಟವನು ತಡೆದ. ಮೈಯೇ ಸುಡುತ್ತಿರುವಾಗ ಬೆರಳಿಗೇನು ಗೊತ್ತು? ಜ್ವರದವನ ಕೈಗೆ ಬಿಸಿಹಾಲೂ ಬೆಚ್ಚಗೇ. ಕೆನ್ನೆಗೆ ಪಾತ್ರೆ ಹಿಡಿದ. ಕೆನ್ನೆಯೂ ಅದೇ ಜ್ವರದ್ದು. ಮನೆಯಲ್ಲಿ ಇನ್ನೊಂದು ಬೆರಳಿರಲಿಲ್ಲ. ಎಂದೋ ಮೈತ್ರೇಯಿಯ ಅಮ್ಮ ಹೇಳಿದ್ದು ನೆನಪಾಯಿತು, ಹೆಪ್ಪಿನ ಹಾಲು ಜೋರು ಜ್ವರ ಬಂದವರ ಹಣೆ ಮುಟ್ಟಿದ ಹಾಗಿರಬೇಕಂತೆ. ಜೋರು ಜ್ವರವೆಂದರೆ ನಲವತ್ತು. ಕಂಪನಿ ಎಲ್ಲರಿಗೂ ಹಂಚಿದ್ದ, ನಾಲಿಗೆಯಡಿ ಇಟ್ಟುಕೊಳ್ಳುವ ಥರ್ಮಾಮೀಟರನ್ನು ಸೋಪು ಹಚ್ಚಿ ತೊಳೆದು, ತುದಿಯನ್ನು ಹಾಲಿಗೆ ಬಿಟ್ಟ. ಅದು ಅಂಕಿ ತೋರಿಸದೆ ಅರಚಿಕೊಂಡಿತು. ಅದರ ಪ್ರಕಾರ ಇಷ್ಟು ಬಿಸಿಯ ಮನುಷ್ಯ ಬದುಕಿರಲಾರ. ಎಲ್ಲಿ ಹಾಕಿಬಿಡುತ್ತಿದ್ದೆನೋ ಎಂದು ಅವನ ಜೀವ ಝಲ್ಲೆಂದಿತು. ಪಾತ್ರೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತ. ಮತ್ತೆ ಮತ್ತೆ ಅದ್ದಿದ. ಬೆಳಗ್ಗೆ ತನ್ನ ಕಿವಿಯಲ್ಲಿ ಕೀಂ ಎಂದದ್ದಕ್ಕೆ ಕೂಡ ಇಷ್ಟು ಕಂಗಾಲಾಗಿರಲಿಲ್ಲ. ನಲವತ್ತೊಂದು ಬಂತು, ನಲವತ್ತು ಬಂತು. ಡಬ್ಬಿಯ ಅರ್ಧವನ್ನು ಹಾಲಿಗಿಳಿಸಿ, ಕದಡಿ, ಮುಚ್ಚಿ, ಪಾತ್ರೆಗೆ ತನ್ನ ಒಗೆದ ಪಂಚೆ ಸುತ್ತಿ ಒಲೆಯ ಪಕ್ಕ ಇಟ್ಟ. ಉಳಿದರ್ಧವನ್ನು ಫ್ರಿಜ್ಜಿನಲ್ಲಿಟ್ಟ. ಒಂದು ಗಂಟೆಗೆ ಮುಚ್ಚಳ ತೆಗೆದು ನೋಡಬೇಕೆನಿಸಿತು. ಅಲುಗಾಡಿಸಬೇಡಿ ಎಂದು ಅವಳು ಹೇಳಿರದಿದ್ದರೂ ಹೇಳಿದ ಹಾಗೆ ಕೇಳಿಸಿ, ಸುಮ್ಮನಾದ.

ಬೆಳಗ್ಗೆ ಕಣ್ಣು ಬಿಟ್ಟವನು ಮುಖವನ್ನೂ ತೊಳೆಯದೆ ಅಡಿಗೆಮನೆಗೆ ಹೋಗಿ ಪಾತ್ರೆಯನ್ನು ಒಂದಿಷ್ಟೇ ವಾಲಿಸಿದ. ವಾಲಲಿಲ್ಲ, ಗಟ್ಟಿಯಾಗಿ ಕೂತಿತ್ತು. ಚಮಚದ ತುದಿಯಿಂದ ಮೂಲೆಯಲ್ಲಿ ಕತ್ತರಿಸಿ ನಾಲಿಗೆಗಿಟ್ಟುಕೊಂಡ. ಚಾಮರಾಜಪುರದ ಅದೇ ರುಚಿ, ಅವಳ ಅಡಿಗೆಮನೆಯದು. ಅವನಿಗೆ ಅಲ್ಲೇ, ಸ್ಟೂಲಿನ ಮೇಲೆ, ಅಳು ಬಂತು. ವುಡ್‌ಲ್ಯಾಂಡ್ಸ್‌ಗೆ ಫೋನು ಮಾಡಿದ. ನಿದ್ದೆಗಣ್ಣಿನಲ್ಲಿ ಎತ್ತಿಕೊಂಡ ಮೈತ್ರೇಯಿ ರಾತ್ರಿ ಪಾಳಿಯ ಮಾಲು ಪೂರ್ತಿ ಹೊರಟಿತು, ಒಂದು ಪೆಟ್ಟಿಗೆಯೂ ನಿಲ್ಲಲಿಲ್ಲ ಎಂದು ಹೇಳತೊಡಗಿದಳು. ಎರಡು ವಾರದಿಂದ ಅವನು ಅದೊಂದು ಮಾತಿಗಾಗಿ ಒದ್ದಾಡಿದ್ದ. ಕೇಳಿಸಿಕೊಳ್ಳದೆಯೇ ನಡುವೆ ಬಾಯಿ ಹಾಕಿದ.

"ಮೊಸರು ಆಗಿದೆ. ಗಟ್ಟಿಯಾಗೇ ಆಗಿದೆ. ಎರಡು ಡಬ್ಬಿಲಿ ಎತ್ತಿಟ್ಟಿದೀನಿ."

"ಸರಿ," ಎಂದಳು. ಅವಳು ನಗುತ್ತಿದ್ದದ್ದು ಕೇಳಿಸಿತು. "ನಿಮ್ಮ ಜ್ವರ ಎಷ್ಟಿದೆ?"

ಥರ್ಮಾಮೀಟರು ನಿನ್ನೆಯ ಹಾಲಿನ ಕೆನೆ ಅಂಟಿಸಿಕೊಂಡು ಒಲೆಯ ಪಕ್ಕದಲ್ಲೇ ಇತ್ತು. ಅವನು ನೋಡಿಕೊಂಡೇ ಇರಲಿಲ್ಲ.